ಬಿಲ್ ಹಾಕಿದವರೇ ಲೆಕ್ಕ ಕೊಡಬೇಕು

ತಿಂಗಳಿಗೆ 249 ರೂಪಾಯಿ ಬಾಡಿಗೆಯ ಪೋಸ್ಟ್‌ಪೇಯ್ಡ್ ಸಂಪರ್ಕ. ಸರಾಸರಿ ಬಿಲ್ 555 ರೂಪಾಯಿ. ಅಂಥ ನಂಬರಿಗೆ 2013ರ ನವೆಂಬರ್ 8ರಿಂದ ಡಿಸೆಂಬರ್ 7ರವರೆಗಿನ ಅವಧಿಗೆ ಬಂದ ಬಿಲ್ 24,609 ರೂಪಾಯಿ 51 ಪೈಸೆ. ಅಹಮದಾಬಾದಿನ ಆ ಗ್ರಾಹಕರು ಬಿಲ್ ಕಟ್ಟಲು ಕ್ರೆಡಿಟ್ ಕಾರ್ಡಿನ ಆಟೊ ಪೇ ಸೌಲಭ್ಯ ಮಾಡಿಸಿಕೊಂಡಿದ್ದರು. 2014ರ ಮೇ 25ರಂದು ಅವರು ಜಿಲ್ಲಾ ಗ್ರಾಹಕರ ವೇದಿಕೆಯ ಮೆಟ್ಟಿಲು ಹತ್ತಿ, 22,000 ರೂಪಾಯಿ ಪರಿಹಾರ ಮತ್ತು ಬಡ್ಡಿ ಕೊಡಿಸಿ ಎಂದು ಕೇಳಿದರು.

ಕಂಪನಿಯ ವಾದ ಬಿಲ್ಲಿನ ಲೆಕ್ಕದಿಂದ ಶುರುವಾಗಲಿಲ್ಲ. ಈ ದೂರನ್ನು ಕೇಳುವ ಅಧಿಕಾರವೇ ವೇದಿಕೆಗಿಲ್ಲ ಎಂದಿತು ಅದು. ಅದರ ಕೈಯಲ್ಲಿದ್ದ ಆಯುಧ 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಂ. ಟೆಲಿಫೋನ್ ತಕರಾರುಗಳನ್ನು ಕೇಂದ್ರ ಸರ್ಕಾರ ನೇಮಿಸುವ ಮಧ್ಯಸ್ಥಗಾರರ ಮುಂದೆ ತೀರ್ಮಾನಿಸಿಕೊಳ್ಳಬೇಕು ಎನ್ನುವ ಕಲಂ ಅದು. ಈ ಕಲಂ ಇರುವಾಗ ಗ್ರಾಹಕರ ವೇದಿಕೆಗೆ ಬರುವಂತಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟೇ ಕೇರಳದ ಪ್ರಕರಣವೊಂದರಲ್ಲಿ ಹೇಳಿತ್ತು. ಅಹಮದಾಬಾದಿನ ಪ್ರಕರಣದಲ್ಲಿ ಮಾತ್ರ ಜಿಲ್ಲಾ ವೇದಿಕೆ, ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ ಮೂರೂ ಕಂಪನಿಯ ಆಕ್ಷೇಪವನ್ನು ತಳ್ಳಿಹಾಕಿದವು. ಆ ಕಂಪನಿ, ವೊಡಾಫೋನ್ ಐಡಿಯಾ, ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್, ಸೂರ್ಯಕಾಂತ್ ಮತ್ತು ವಿಕ್ರಮ್ ನಾಥ್ ಅವರ ಪೀಠ 2022ರ ಫೆಬ್ರುವರಿ 16ರಂದು ತೀರ್ಪು ಕೊಟ್ಟಿತು: ಟೆಲಿಕಾಂ ಗ್ರಾಹಕ ಬೇಕಿದ್ದರೆ ಮಧ್ಯಸ್ಥಿಕೆಗೆ ಹೋಗಬಹುದು, ಆದರೆ ಅಲ್ಲಿಗೇ ಹೋಗಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ, ಗ್ರಾಹಕರ ಆಯೋಗದ ಬಾಗಿಲು ಅವನಿಗೆ ತೆರೆದೇ ಇದೆ.

2014ರಿಂದ 2022. ಇಷ್ಟು ವರ್ಷ ಸುಪ್ರೀಂ ಕೋರ್ಟಿನವರೆಗೆ ಚರ್ಚೆಯಾದದ್ದು ದೂರನ್ನು ಯಾರು ಕೇಳಬೇಕು ಎಂಬ ಒಂದೇ ಪ್ರಶ್ನೆ. 24,609 ರೂಪಾಯಿ ಸರಿಯೋ ತಪ್ಪೋ ಎಂಬುದು ಅಲ್ಲಿ ತೀರ್ಮಾನವಾಗಬೇಕಾದ ವಿಷಯವೇ ಆಗಿರಲಿಲ್ಲ. ಇಪ್ಪತ್ತು ಚಿಲ್ಲರೆ ಸಾವಿರಕ್ಕಾಗಿ ಇಷ್ಟು ವರ್ಷ ಪಟ್ಟು ಹಿಡಿದು ಕಾದ ಆ ವ್ಯಕ್ತಿಗೆ ದೇಶದ ಪ್ರತಿಯೊಬ್ಬ ಮೊಬೈಲ್ ಗ್ರಾಹಕನೂ ಋಣಿಯಾಗಿರಬೇಕು ಎಂದು ನಾನು ನಂಬಿದ್ದೇನೆ. ಅವರು ನಡುದಾರಿಯಲ್ಲಿ ಕೈಚೆಲ್ಲಿದ್ದರೆ, ಆಮೇಲೂ ಕಲಬುರಗಿಯಲ್ಲೋ ಕಾರವಾರದಲ್ಲೋ ದೂರು ಕೊಟ್ಟವರಿಗೆ ಕಂಪನಿಯ ವಕೀಲರು ಅದೇ 1885ರ ಕಾಯ್ದೆಯನ್ನು ತೋರಿಸುತ್ತಿದ್ದರು.

ಬಿಲ್ ಹೀಗೆ ಏಕಾಏಕಿ ಉಬ್ಬುವುದು ಹೇಗೆ? ಮುಖ್ಯ ಕಾರಣ ಡೇಟಾ. ಆಗೆಲ್ಲ ಪ್ಯಾಕ್ ಇಲ್ಲದ ಇಂಟರ್‌ನೆಟ್ಟಿಗೆ 10 ಕೆಬಿಗೆ 10 ಪೈಸೆ ಎಂಬ ದರ ಸಾಮಾನ್ಯವಾಗಿತ್ತು. ಕೇಳಲು ಏನೂ ಅಲ್ಲ ಅನ್ನಿಸುವ ದರ. ಲೆಕ್ಕ ಹಾಕಿದರೆ ಒಂದು ಎಂಬಿಗೆ 10 ರೂಪಾಯಿ 24 ಪೈಸೆ, ಒಂದು ಜಿಬಿಗೆ ಸುಮಾರು 10,485 ರೂಪಾಯಿ. ಇವತ್ತು ಮಕ್ಕಳು ಒಂದು ಸಂಜೆ ವಿಡಿಯೊ ನೋಡಿ ಮುಗಿಸುವಷ್ಟು ಡೇಟಾ ಅದು. ಪ್ಯಾಕ್ ಮುಗಿದ ಕ್ಷಣದಿಂದ ಈ ದರ ಚಾಲೂ ಆಗುತ್ತಿತ್ತು, ಮೊಬೈಲ್ ಹಿಡಿದವರಿಗೆ ಅದರ ಸುಳಿವೂ ಇರುತ್ತಿರಲಿಲ್ಲ. ಮುಂದೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮ ಬಿಗಿ ಮಾಡಿತು. ಪ್ಯಾಕಿನ ಅರ್ಧ ಮುಗಿದಾಗ, ಶೇ 90 ಮುಗಿದಾಗ, ಪೂರ್ತಿ ಮುಗಿದಾಗ ಎಸ್ಸೆಮ್ಮೆಸ್ ಕಳಿಸಬೇಕು. ಡೇಟಾ ಶುರು ಮಾಡಲು, ನಿಲ್ಲಿಸಲು 1925 ಎಂಬ ಉಚಿತ ಸಂಖ್ಯೆ ಇರಬೇಕು. ದೇಶದೊಳಗಿನ ಮಟ್ಟಿಗೆ ಡೇಟಾ ಬಿಲ್ಲಿನ ಭಯ ಬಹುಪಾಲು ಹೋಗಿದೆ, ದರವೂ ನೆಲಕ್ಕೆ ಬಂದಿದೆ.

ಹೋಗದೆ ಉಳಿದಿರುವುದು ಹೊರದೇಶದ ರೋಮಿಂಗ್. ಕರಾವಳಿಯಲ್ಲಿ ಕೊಲ್ಲಿ ದೇಶಗಳಿಗೆ ಹೋಗಿಬರುವವರಿಲ್ಲದ ಬೀದಿಯಿಲ್ಲ. ನನ್ನ ಚಿಕ್ಕಮ್ಮ ಮಗಳ ಬಾಣಂತನಕ್ಕೆಂದು ದುಬೈಗೆ ಹೊರಟಾಗ ಮಂಗಳೂರಿನ ವಿಮಾನ ನಿಲ್ದಾಣದಲ್ಲೇ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡಿದ್ದರು. ‘ನಿಮ್ಮ ಪ್ಯಾಕ್ ಚಾಲನೆಯಾಗಿದೆ’ ಎಂಬ ಎಸ್ಸೆಮ್ಮೆಸ್ ವಿಮಾನ ಹತ್ತುವ ಮೊದಲೇ ಬಂದಿತ್ತು. ವಾಪಸ್ ಬಂದ ಮೇಲೆ ಬಂದ ಬಿಲ್ ಹನ್ನೊಂದು ಸಾವಿರ ಚಿಲ್ಲರೆ. ಷೋರೂಮಿಗೆ ಹೋದರೆ ಕೌಂಟರಿನ ಹುಡುಗ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ, ‘ಆಂಟಿ, ಸಿಸ್ಟಮ್‌ನಲ್ಲಿ ಯೂಸೇಜ್ ತೋರಿಸ್ತಾ ಇದೆ ನೋಡಿ, ನಾವೇನೂ ಮಾಡೋಕಾಗಲ್ಲ’ ಅಂದ. ಚಿಕ್ಕಮ್ಮ ಅಲ್ಲೇ ಪರ್ಸಿಗೆ ಕೈಹಾಕಿದರು. ತಪ್ಪು ತನ್ನದೇ ಇರಬೇಕು ಎಂದು ಅವರಿಗೆ ಆಗಲೇ ಅನ್ನಿಸಿಬಿಟ್ಟಿತ್ತು.

ನಾವು ದುಡ್ಡು ಕಟ್ಟದೆ ವಿವರವಾದ ಬಿಲ್ ಕೇಳಿದೆವು. ಪಿಡಿಎಫ್ ಬಂತು. ಡೇಟಾದ ಪುಟದಲ್ಲಿ ಒಂದೊಂದು ಸಾಲಿಗೂ ದಿನಾಂಕ, ಸಮಯ, ಯಾವ ನೆಟ್‌ವರ್ಕ್, ಎಷ್ಟು ಕೆಬಿ, ಎಷ್ಟು ರೂಪಾಯಿ ಎಂಬ ಕಾಲಂಗಳು. ಎರಡನೇ ದಿನದಿಂದ ರೂಪಾಯಿಯ ಕಾಲಂನಲ್ಲಿ ಉದ್ದಕ್ಕೂ ಸೊನ್ನೆ, ಅಂದರೆ ಪ್ಯಾಕಿನ ಲೆಕ್ಕ. ಮೊದಲ ದಿನದ್ದು ಮಾತ್ರ ಪ್ಯಾಕ್ ಇಲ್ಲದವರ ದರ. ಹನ್ನೊಂದು ಸಾವಿರವೂ ಆ ಒಂದೇ ದಿನದ್ದು. ಮೊಬೈಲಿನಲ್ಲಿ ಅಳಿಸದೆ ಉಳಿದಿದ್ದ ಎಸ್ಸೆಮ್ಮೆಸ್ಸಿನ ಸಮಯವನ್ನು ಆ ಪುಟದ ಪಕ್ಕ ಇಟ್ಟ ಮೇಲೆ ಹೆಚ್ಚು ವಾದ ಬೇಕಾಗಲಿಲ್ಲ. ಆದರೂ ಕಸ್ಟಮರ್ ಕೇರಿನವರು ಒಪ್ಪಲಿಲ್ಲ, ಮೇಲ್ಮನವಿಯವರೆಗೆ ಹೋಗಬೇಕಾಯಿತು. ಅಲ್ಲಿ ಹಣ ವಜಾ ಆಯಿತು.

‘ಸಿಸ್ಟಮ್‌ನಲ್ಲಿ ತೋರಿಸ್ತಾ ಇದೆ’ ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂದು ತಿಳಿಯಲು ಬಿಲ್ ಹುಟ್ಟುವ ಬಗೆ ಗೊತ್ತಿರಬೇಕು. ಕರೆ ಮಾಡಿದಾಗ, ಡೇಟಾ ಬಳಸಿದಾಗ ನೆಟ್‌ವರ್ಕಿನ ಯಂತ್ರದಲ್ಲಿ ಒಂದು ದಾಖಲೆ ಹುಟ್ಟುತ್ತದೆ. ಟೆಲಿಕಾಂನವರು ಅದನ್ನು ಸಿಡಿಆರ್ ಅನ್ನುತ್ತಾರೆ. ಅಂಥ ದಾಖಲೆಗಳನ್ನೆಲ್ಲ ಕಲೆಹಾಕಿ, ನಿಮ್ಮ ಪ್ಲಾನ್ ಯಾವುದು, ಪ್ಯಾಕ್ ಇದೆಯೇ, ದರ ಎಷ್ಟು ಎಂದು ಇನ್ನೊಂದು ಸಾಫ್ಟ್‌ವೇರ್ ಹೊಂದಿಸಿ ಬೆಲೆ ಕಟ್ಟುತ್ತದೆ. ಹೊರದೇಶದಲ್ಲಿದ್ದಾಗ ದಾಖಲೆ ಹುಟ್ಟುವುದು ಅಲ್ಲಿನ ಕಂಪನಿಯ ಯಂತ್ರದಲ್ಲಿ. ಅದು ಟ್ಯಾಪ್ ಎಂಬ ಹೆಸರಿನ ಕಡತವಾಗಿ ಇಲ್ಲಿನ ಕಂಪನಿಗೆ ಬರುತ್ತದೆ, ಕೆಲವೊಮ್ಮೆ ತಡವಾಗಿ. ಅಲ್ಲಿಯ ಗಡಿಯಾರದ ಸಮಯ ಬೇರೆ, ಇಲ್ಲಿಯದು ಬೇರೆ. ಪ್ಯಾಕ್ ಶುರುವಾದ ಹೊತ್ತು ಒಂದು ಕಡೆ ಒಂದಿದ್ದು ಇನ್ನೊಂದು ಕಡೆ ಬೇರೆಯಾದರೆ ಸಾವಿರಾರು ರೂಪಾಯಿ ವ್ಯತ್ಯಾಸ. ಹಾಗಾಗಿ ಡೇಟಾ ಬಳಸಿದ್ದು ನಿಜವಿದ್ದೂ ಬಿಲ್ ತಪ್ಪಿರಬಹುದು. ಬಳಕೆ ಒಂದು ಪ್ರಶ್ನೆ, ಅದಕ್ಕೆ ಕಟ್ಟಿದ ಬೆಲೆ ಇನ್ನೊಂದು ಪ್ರಶ್ನೆ. ಕೌಂಟರಿನಲ್ಲಿ ಎರಡನ್ನೂ ಒಂದೇ ಮಾಡಿ ಗ್ರಾಹಕನ ಬಾಯಿ ಮುಚ್ಚಿಸುತ್ತಾರೆ.

ಈ ದಾಖಲೆಗಳೆಲ್ಲ ಇರುವುದು ಕಂಪನಿಯ ಸುಪರ್ದಿನಲ್ಲಿ. ಗ್ರಾಹಕನ ಬಳಿ ಇರುವುದು ಒಂದೆರಡು ಎಸ್ಸೆಮ್ಮೆಸ್, ಹಳೆಯ ಬಿಲ್‌ಗಳು, ಫೋನಿನ ಸೆಟ್ಟಿಂಗ್ಸಿನಲ್ಲಿ ಸಿಗುವ ಡೇಟಾ ಲೆಕ್ಕ. ಹೀಗಿರುವಾಗ ‘ನೀವು ಬಳಸಿಲ್ಲ ಎಂದು ತೋರಿಸಿ’ ಎಂದು ಗ್ರಾಹಕನನ್ನು ಕೇಳುವುದು ಅನ್ಯಾಯ. ಬೆಲೆ ಹೇಗೆ ಕಟ್ಟಿದಿರಿ ಎಂದು ತೋರಿಸಬೇಕಾದವರು ಅವರು.

ನಮ್ಮಲ್ಲಿ ನೂರಕ್ಕೆ ಸುಮಾರು ತೊಂಬತ್ತು ಸಂಪರ್ಕಗಳು ಪ್ರೀಪೇಯ್ಡ್. ಅವರಿಗೆ ಬಿಲ್ ಬರುವುದಿಲ್ಲ, ಕರೆನ್ಸಿ ಕಟ್ ಆಗುತ್ತದೆ. ಕೇಳದ ಕಾಲರ್ ಟ್ಯೂನಿಗೆ, ಜ್ಯೋತಿಷ್ಯಕ್ಕೆ, ಕ್ರಿಕೆಟ್ ಸ್ಕೋರಿಗೆ ದಿನಕ್ಕೆ ಇಷ್ಟು ಎಂದು ಕಳೆದುಕೊಂಡವರು ಹಳ್ಳಿ ಹಳ್ಳಿಯಲ್ಲೂ ಇದ್ದರು. 2013ರಲ್ಲಿ ಟ್ರಾಯ್, ಗ್ರಾಹಕ ಎರಡು ಸಲ ಒಪ್ಪಿಗೆ ಕೊಡದೆ ಇಂಥ ಸೇವೆ ಶುರು ಮಾಡುವಂತಿಲ್ಲ ಎಂದು ಆದೇಶಿಸಿತು. ಬೇಡವಾದ ಸೇವೆ ನಿಲ್ಲಿಸಲು 155223 ಎಂಬ ಸಂಖ್ಯೆ ಇದೆ. ಪ್ರೀಪೇಯ್ಡ್ ಗ್ರಾಹಕರೂ ಹಿಂದಿನ ಆರು ತಿಂಗಳೊಳಗಿನ ಬಳಕೆಯ ವಿವರವನ್ನು 50 ರೂಪಾಯಿ ಮೀರದ ಶುಲ್ಕ ಕೊಟ್ಟು ಪಡೆಯಬಹುದು. ಈ ಹಕ್ಕು ಇರುವ ವಿಷಯ ರೀಚಾರ್ಜ್ ಅಂಗಡಿಯವರಿಗೂ ಗೊತ್ತಿರುವುದು ಕಡಿಮೆ.

ಜಗಳಕ್ಕೆ ಇಳಿಯುವವರು ಮೊದಲು ಗಂಟಲು ಏರಿಸುವುದನ್ನು ಬಿಡಬೇಕು. ಕಸ್ಟಮರ್ ಕೇರಿನಲ್ಲಿ ಫೋನ್ ಎತ್ತುವ ಹುಡುಗ ಹುಡುಗಿಯರ ಕೈಯಲ್ಲಿ ದೊಡ್ಡ ಮೊತ್ತ ವಜಾ ಮಾಡುವ ಅಧಿಕಾರ ಇರುವುದಿಲ್ಲ, ಅವರನ್ನು ಬೈದು ಪ್ರಯೋಜನವೂ ಇಲ್ಲ. ಅವರಿಂದ ಪಡೆಯಬೇಕಾದದ್ದು ಡಾಕೆಟ್ ನಂಬರ್. ಟ್ರಾಯ್‌ನ 2012ರ ನಿಯಮಾವಳಿಯ ಪ್ರಕಾರ ಪ್ರತಿ ದೂರಿಗೂ ಅದನ್ನು ಕೊಡಲೇಬೇಕು. 198ಕ್ಕೆ ಕರೆ ಮಾಡಿ ದೂರು ಬರೆಸಿ, ನಂಬರ್ ಬರೆದಿಟ್ಟುಕೊಂಡು, ಅದೇ ದಿನ ಇಮೇಲಿನಲ್ಲೂ ಕಳಿಸಿಬಿಡಬೇಕು. ಇಮೇಲ್ ಚಿಕ್ಕದಿರಲಿ: ನನ್ನ ಮಾಮೂಲಿ ಬಿಲ್ ಇಷ್ಟು, ಈ ತಿಂಗಳದ್ದು ಇಷ್ಟು, ಇದರಲ್ಲಿ ಬಾಡಿಗೆ ಮತ್ತು ತೆರಿಗೆಯ ಇಷ್ಟು ಹಣಕ್ಕೆ ನನ್ನ ತಕರಾರಿಲ್ಲ, ಉಳಿದದ್ದನ್ನು ಒಪ್ಪುವುದಿಲ್ಲ, ಸಾಲುಸಾಲಾಗಿ ವಿವರ ಕೊಡಿ, ತೀರ್ಮಾನವಾಗುವವರೆಗೆ ಆ ಮೊತ್ತವನ್ನು ತಡೆಹಿಡಿಯಿರಿ. ಇಷ್ಟು ಸಾಕು. ಮುಂದೆ ಯಾವ ಆಯೋಗಕ್ಕೆ ಹೋದರೂ ಕೆಲಸಕ್ಕೆ ಬರುವುದು ಈ ಬರಹ, ಫೋನಿನಲ್ಲಿ ಆಡಿದ ಮಾತಲ್ಲ.

ಬಿಲ್ಲಿನ ದೂರುಗಳನ್ನು ಕಂಪನಿ ನಿಗದಿತ ಅವಧಿಯಲ್ಲಿ ಬಗೆಹರಿಸಬೇಕು. ಬಗೆಹರಿಯದಿದ್ದರೆ, ಅಥವಾ ಅವರ ಉತ್ತರ ಒಪ್ಪಿಗೆಯಾಗದಿದ್ದರೆ, 30 ದಿನಗಳೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಶುಲ್ಕವಿಲ್ಲ. 39 ದಿನಗಳಲ್ಲಿ ಅಲ್ಲಿ ತೀರ್ಮಾನವಾಗಬೇಕು. ಕಂಪನಿಯದೇ ಪ್ರಾಧಿಕಾರ, ಅಲ್ಲೇನು ನ್ಯಾಯ ಸಿಗುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಅನುಮಾನ ಸಹಜ. ಆದರೆ ಅದಕ್ಕೆ ಸಲಹೆ ಕೊಡುವ ಇಬ್ಬರು ಸದಸ್ಯರ ಸಮಿತಿಯಲ್ಲಿ ಒಬ್ಬರು ಗ್ರಾಹಕ ಸಂಘಟನೆಯಿಂದ ಬಂದವರಿರುತ್ತಾರೆ. ಚಿಕ್ಕಮ್ಮನ ದೂರನ್ನು ಮೊದಲ ಬಾರಿಗೆ ಪೂರ್ತಿ ಓದಿದವರು ಇದ್ದದ್ದು ಈ ಹಂತದಲ್ಲೇ.

ಅಲ್ಲೂ ಆಗದಿದ್ದರೆ ಟ್ರಾಯ್‌ಗೆ ಬರೆಯುತ್ತೇವೆ ಎನ್ನುವವರಿದ್ದಾರೆ. ಟ್ರಾಯ್ ನಿಯಮ ಮಾಡುವ ಸಂಸ್ಥೆ, ಒಬ್ಬೊಬ್ಬರ ಬಿಲ್ಲಿನ ತಕರಾರನ್ನು ಅದು ತೀರ್ಮಾನಿಸುವುದಿಲ್ಲ. ಹೋಗಬೇಕಾದದ್ದು ಜಿಲ್ಲಾ ಗ್ರಾಹಕರ ಆಯೋಗಕ್ಕೆ. ಹೊರಡುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಮ್ಮೆ ಕರೆ ಮಾಡಿ ನೋಡಬಹುದು, ಕೆಲವು ಪ್ರಕರಣ ಅಲ್ಲೇ ಮುಗಿಯುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಸೇವೆ’ಯ ಅರ್ಥದಲ್ಲಿ ಟೆಲಿಕಾಂ ಅನ್ನು ಹೆಸರು ಹೇಳಿಯೇ ಸೇರಿಸಿದೆ. ಕಂಪನಿಯ ಕಚೇರಿ ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಸೇವೆಗೆ ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಎರಡು ವರ್ಷದ ಗಡುವು ದಾಟಬಾರದು.

ಇಷ್ಟೆಲ್ಲ ದಾರಿ ಇದ್ದೂ ಜನ ದುಡ್ಡು ಕಟ್ಟಿ ಸುಮ್ಮನಾಗುವುದೇಕೆ? ಹೆದರಿಕೆ. ಕಟ್ಟದಿದ್ದರೆ ವಸೂಲಿ ಏಜೆಂಟರ ಕರೆ, ಸಿಬಿಲ್ ದಾಖಲೆಯಲ್ಲಿ ಬಾಕಿ, ಹೊರಹೋಗುವ ಕರೆ ಬಂದ್. ಬಾಕಿ ಇರುವ ಪೋಸ್ಟ್‌ಪೇಯ್ಡ್ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಲೂ ಆಗುವುದಿಲ್ಲ. ಬ್ಯಾಂಕು, ಆಧಾರ್, ಗ್ಯಾಸು, ಮಕ್ಕಳ ಶಾಲೆ ಎಲ್ಲಕ್ಕೂ ಕೊಟ್ಟಿರುವ ನಂಬರ್ ಅದು. ಆ ನಂಬರ್ ಕಂಪನಿಯ ಕೈಯಲ್ಲಿರುವವರೆಗೆ ಗ್ರಾಹಕ ಸಮಬಲದ ಎದುರಾಳಿಯಲ್ಲ. ತಕರಾರು ಬಾಕಿಯಿರುವ ಮೊತ್ತಕ್ಕಾಗಿ ಸಂಪರ್ಕ ಕಡಿಯುವುದನ್ನು ಮತ್ತು ಸಿಬಿಲ್‌ಗೆ ವರದಿ ಮಾಡುವುದನ್ನು ಮೇಲ್ಮನವಿ ಮುಗಿಯುವವರೆಗೆ ಸ್ಪಷ್ಟ ನಿಯಮದಿಂದ ತಡೆಯಬೇಕು. ಆಟೊ ಪೇ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಇಂಥ ಕೆಲಸ ಮಾಡಿದೆ. ಕಾರ್ಡಿನ ಇ-ಮ್ಯಾಂಡೇಟ್ ಇದ್ದರೆ ಹಣ ಕಡಿತಕ್ಕೆ 24 ಗಂಟೆ ಮೊದಲು ತಿಳಿಸಬೇಕು ಎಂಬ ನಿಯಮ 2021ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ದೊಡ್ಡ ಮೊತ್ತವಾದರೆ ಒಟಿಪಿ ಇಲ್ಲದೆ ಹಣ ಹೋಗುವುದಿಲ್ಲ.

ಯುರೋಪಿನ ಒಕ್ಕೂಟದಲ್ಲಿ 2010ರಿಂದಲೇ ರೋಮಿಂಗ್ ಡೇಟಾ ಬಿಲ್ 50 ಯುರೊ ಮುಟ್ಟಿದರೆ ಸಂಪರ್ಕ ನಿಲ್ಲುತ್ತದೆ. ಗ್ರಾಹಕ ‘ಮುಂದುವರಿಸಿ’ ಎಂದು ತಿಳಿಸಿದರಷ್ಟೇ ಮತ್ತೆ ಚಾಲೂ. ನಮ್ಮಲ್ಲೂ ಪೋಸ್ಟ್‌ಪೇಯ್ಡ್‌ಗೆ ಕ್ರೆಡಿಟ್ ಲಿಮಿಟ್ ಎಂಬುದಿದೆ, ಅದನ್ನು ಗೊತ್ತು ಮಾಡುವುದು ಕಂಪನಿ. ಆ ಮಿತಿಯನ್ನು ನಿಗದಿ ಮಾಡುವ ಅಧಿಕಾರ ಗ್ರಾಹಕನಿಗೆ ಸಿಗಬೇಕು. ತಿಂಗಳಿಗೆ ಐನೂರು ರೂಪಾಯಿ ಕಟ್ಟುವವರು, ಸಿಮ್ ಕೊಳ್ಳುವಾಗಲೇ, ‘ನನ್ನ ಬಿಲ್ ಎರಡು ಸಾವಿರ ದಾಟುವ ಮೊದಲು ಡೇಟಾ ನಿಲ್ಲಿಸಿ’ ಎಂದು ಅರ್ಜಿಯಲ್ಲಿ ಬರೆಯುವಂತಿರಬೇಕು, ಬರೆದ ಮೇಲೆ ಕಂಪನಿ ಅದಕ್ಕೆ ಬದ್ಧವಾಗಿರಬೇಕು. ಟ್ರಾಯ್ ಈ ಒಂದು ಸಾಲಿನ ನಿಯಮ ಮಾಡಿದರೆ ಮೇಲ್ಮನವಿಯವರೆಗೆ ಹೋಗುವ ಎಷ್ಟೋ ತಕರಾರುಗಳು ಹುಟ್ಟುವುದೇ ಇಲ್ಲ.