ಮಂತ್ರಕ್ಕೆ ಪ್ರತಿಮಂತ್ರ

ಇಸ್ಪೀಟಿನಲ್ಲಿ ಎಲೆಯನ್ನು ಕೆಳಗಿಟ್ಟರೆ ಇಟ್ಟಂತೆಯೇ, ಅದನ್ನು ತಡೆಯುವವರಿಲ್ಲ. ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರಚಿಸಿ, 1993ರಲ್ಲಿ ಹೊರಬಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಎಲೆಯಾಟದ ರೀತಿಯೇ ಬೇರೆ. ಅಲ್ಲಿ ಆಟಗಾರರು ಮಾಂತ್ರಿಕರು; ಎಲೆಗಳಲ್ಲಿ ಬಹುಪಾಲು ಮಂತ್ರಗಳು. ‘ಮಾನಾ’ ಎಂಬ ಶಕ್ತಿಯನ್ನು ತೆತ್ತು ಮಂತ್ರವನ್ನು ಪ್ರಯೋಗಿಸಿದ ಮಾತ್ರಕ್ಕೆ ಅದು ಫಲಿಸಿತೆಂದಲ್ಲ. ಎದುರಾಳಿ ಉತ್ತರ ಕೊಡಬಹುದು. ಆ ಉತ್ತರಕ್ಕೂ ಪ್ರತ್ಯುತ್ತರ ಉಂಟು. ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರವನ್ನು ತೊಡುವ ಕಥೆ ಕೇಳಿ ಬೆಳೆದ ನಮಗೆ ಇದು ಅಪರಿಚಿತವಲ್ಲ. ಹೊಸದೆಂದರೆ, ಯಾವುದು ಮೊದಲು ಫಲಿಸಬೇಕೆಂಬ ಕಟ್ಟುನಿಟ್ಟು.

ಪ್ರಯೋಗಿಸಿದ ಮಂತ್ರಗಳು ಒಂದರ ಮೇಲೊಂದು ಅಟ್ಟಿಯಾಗಿ ಕೂಡುತ್ತವೆ. ಕೊನೆಗೆ ಬಂದದ್ದು ಮೊದಲು ಫಲಿಸುತ್ತದೆ. ತಟ್ಟೆಯಲ್ಲಿ ಪೇರಿಸಿದ ದೋಸೆಗಳಲ್ಲಿ ಕಡೆಗೆ ಹುಯ್ದದ್ದೇ ಮೊದಲು ಕೈಗೆ ಬರುವುದಿಲ್ಲವೆ, ಹಾಗೆ. ಈ ‘ಸ್ಟ್ಯಾಕ್’ ಪದ್ಧತಿ ಬಂದದ್ದು 1999ರ ಆರನೆಯ ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ತಡೆಮಂತ್ರಗಳು ‘ಇಂಟರಪ್ಟ್’ ಎಂಬ ಪ್ರತ್ಯೇಕ ಜಾತಿಗೆ ಸೇರಿದ್ದವು.

ಎರಡು ಪೆಟ್ಟಿಗೆ ಸಾಯುವ ಕರಡಿಯೊಂದು ಕಣದಲ್ಲಿದೆಯೆನ್ನಿ. ವೈರಿ ಅದನ್ನೇ ಗುರಿಯಾಗಿಸಿ ಮೂರು ಪೆಟ್ಟಿನ ಸಿಡಿಲನ್ನು ಪ್ರಯೋಗಿಸುತ್ತಾನೆ. ಒಡೆಯ ತಕ್ಷಣವೇ ‘ಜೈಂಟ್ ಗ್ರೋತ್’ ಮಂತ್ರದಿಂದ ಕರಡಿಯ ತಾಳಿಕೆಗೆ ಮೂರನ್ನು ಕೂಡಿಸುತ್ತಾನೆ. ಕೊನೆಯದು ಮೊದಲು ಫಲಿಸಿ ತಾಳಿಕೆ ಐದಾಗುತ್ತದೆ, ಕರಡಿ ಬದುಕುತ್ತದೆ. ಆದರೆ ವೈರಿಯ ಕೈಯಲ್ಲಿ ಇನ್ನೊಂದು ಸಿಡಿಲಿದ್ದು, ಬೆಳೆಸುವ ಮಂತ್ರ ಫಲಿಸುವ ಮುನ್ನವೇ ಅದನ್ನು ಬಿಟ್ಟರೆ? ಕರಡಿ ಆಗಲೇ ಸತ್ತಿತು. ಗುರಿಯನ್ನು ಗೊತ್ತುಮಾಡುವುದು ಪ್ರಯೋಗಕಾಲದಲ್ಲಿ. ಫಲಿಸುವ ಹೊತ್ತಿಗೆ ಅದನ್ನು ಮತ್ತೆ ನೋಡುತ್ತಾರೆ. ಗುರಿಯೇ ಅಳಿದುದರಿಂದ ಬೆಳೆಸುವ ಮಂತ್ರವೂ ಮೊದಲ ಸಿಡಿಲೂ ನಿಷ್ಫಲ. ಒಂದು ಬಡ ಕರಡಿಗಾಗಿ ಮೂರು ಎಲೆಗಳ ವ್ಯಯ! ತೆತ್ತ ಮಾನಾ ಹಿಂದಿರುಗುವುದಿಲ್ಲ.

‘ಕೌಂಟರ್‌ಸ್ಪೆಲ್’ ಎಂಬ ಹೆಸರಾಂತ ತಡೆಮಂತ್ರಕ್ಕೆ ಎರಡು ನೀಲಿ ಮಾನಾ ಬೇಕು. ಅದರ ಗುರಿ ಪ್ರಾಣಿಯಲ್ಲ, ಇನ್ನೂ ಅಟ್ಟಿಯಲ್ಲಿರುವ ಮಂತ್ರ. ಕರಡಿಯನ್ನು ಕರೆಯುವುದೂ ಮಂತ್ರವೇ, ಆಗ ತಡೆಯಬಹುದು. ಅದು ಕಣಕ್ಕಿಳಿದ ಮೇಲೆ ಈ ಎಲೆಯಿಂದ ಏನೂ ಸಾಗದು. ಹೊಸಬರ ಜಗಳಗಳಲ್ಲಿ ಹಲವು ಇಲ್ಲಿಯೇ ಹುಟ್ಟುತ್ತವೆ.

ಎಲೆಗಳನ್ನು ಶಾಸ್ತ್ರವಾಕ್ಯಗಳಂತೆ ಪದಪದವಾಗಿ ಓದಬೇಕು. ‘ಹೆಕ್ಸ್‌ಪ್ರೂಫ್’ ಎಂಬ ಕವಚವುಳ್ಳ ಪ್ರಾಣಿಯನ್ನು ಎದುರಾಳಿಯ ಮಂತ್ರ ಗುರಿಯಾಗಿಸಲಾರದು. ಆದರೆ ‘ರಾಥ್ ಆಫ್ ಗಾಡ್’ ಎಂಬ ಎಲೆ ಎಲ್ಲ ಪ್ರಾಣಿಗಳನ್ನೂ ನಾಶಮಾಡೆನ್ನುತ್ತದೆ. ‘ಗುರಿ’ ಎಂಬ ಪದವೇ ಅದರಲ್ಲಿಲ್ಲ. ಗುರಿಯಿಡದ ಏಟಿಗೆ ಈ ಕವಚ ಅಡ್ಡ ಬರುವುದಿಲ್ಲ. ಪ್ರಾಣಿ ಉಳಿದವುಗಳೊಡನೆ ಅಳಿಯುತ್ತದೆ. ಒಡೆಯ ಎರಡು ನೀಲಿ ಮಾನಾ ಉಳಿಸಿಕೊಂಡು, ಕೈಯಲ್ಲಿ ಆ ತಡೆಮಂತ್ರವನ್ನು ಹಿಡಿದಿದ್ದರೆ ಮಾತು ಬೇರೆ.