ಹಳೆ ಆಟದ ಡಿ.ವಿ.ಡಿ. ಮೊಬೈಲಲ್ಲಿ ಓಡ್ತಿಲ್ವಾ? ಡಿಸ್ಕ್ ಬಿಸಾಡುವ ಮೊದಲು ಇಷ್ಟು ನೋಡಿ

ಕುಂದಾಪುರ: ಬೈಂದೂರಿನಿಂದ ಬ್ರಹ್ಮಾವರದ ತನಕ ಹೆಚ್ಚಿನ ಮನೆಗಳ ಟಿ.ವಿ. ಕಪಾಟಿನಲ್ಲಿ ಒಂದು ಕಟ್ಟು ಸಿ.ಡಿ., ಡಿ.ವಿ.ಡಿ. ಇನ್ನೂ ಇದೆ. ಹರಕೆ ಹೊತ್ತು ಮನೆಯೆದುರು ಆಡಿಸಿದ ಮಂದಾರ್ತಿ ಮೇಳದ್ದೋ ಮಾರಣಕಟ್ಟೆ ಮೇಳದ್ದೋ ಆಟ, ಮಗಳ ಮದುವೆ, ಗೃಹಪ್ರವೇಶ, ಈಗ ಇಲ್ಲದ ಅಜ್ಜಯ್ಯ ಚೌಕಿ ಹತ್ತಿರ ಕುಳಿತು ಮಾತಾಡುತ್ತಿದ್ದ ಐದು ನಿಮಿಷ. ಅದನ್ನು ನೋಡುವ ಪ್ಲೇಯರ್ ಹಾಳಾಗಿ ವರ್ಷಗಳಾದವು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಹಾಗಾಗಿ ಯಾರಿಂದಲೋ ಮೆಮೊರಿ ಕಾರ್ಡಿಗೆ ಹಾಕಿಸಿಕೊಂಡು ಬರುತ್ತೇವೆ. ಮೊಬೈಲಿಗೆ ಹಾಕಿದರೆ 'ಫಾರ್ಮ್ಯಾಟ್ ನಾಟ್ ಸಪೋರ್ಟೆಡ್' ಅಂತ ಬರ್ತದೆ. ಇಲ್ಲವಾದರೆ 'ಶಬ್ದ ಬತ್ತಿತ್, ಚಿತ್ರ ಬತ್ತಿಲ್ಲೆ' ಎಂಬ ದೂರು. 'ಡಿಸ್ಕೇ ಹಾಳಾಯ್ತು ಮಾರಾಯ್ರೆ' ಎಂದು ಅಲ್ಲಿಗೆ ಕೈಬಿಡುವವರೇ ಜಾಸ್ತಿ.

ಆದರೆ ಬಹಳಷ್ಟು ಸಲ ಡಿಸ್ಕ್ ಹಾಳಾಗಿರುವುದಿಲ್ಲ, ಫೈಲ್ ಕೂಡ ಹಾಳಾಗಿರುವುದಿಲ್ಲ. ಆ ಫೈಲನ್ನು ಓದುವ ಶಕ್ತಿ ನಿಮ್ಮ ಮೊಬೈಲಿಗೆ ಇಲ್ಲ, ಅಷ್ಟೇ.

ಡಬ್ಬಿ ಬೇರೆ, ಒಳಗಿನ ಸಾಮಾನು ಬೇರೆ

ಅಡುಗೆಮನೆಯ ಡಬ್ಬಿಯ ಮೇಲೆ ಸಕ್ಕರೆ ಎಂದು ಬರೆದಿದ್ದರೂ ಒಳಗೆ ಉಪ್ಪು ಇರಬಹುದು. ವಿಡಿಯೋ ಫೈಲ್ ಕೂಡ ಹಾಗೆಯೇ. ಹೆಸರಿನ ಕೊನೆಗೆ ಬರುವ ಎಂಪಿ4, ಎವಿಐ, ವಿಒಬಿ ಎಂಬುದು ಡಬ್ಬಿಯ ಹೆಸರು. ಒಳಗೆ ಚಿತ್ರವನ್ನು ಒಂದು ರೀತಿ, ಶಬ್ದವನ್ನು ಇನ್ನೊಂದು ರೀತಿ ಒತ್ತಿ ಸಣ್ಣದು ಮಾಡಿ ತುಂಬಿರುತ್ತಾರೆ. ಆ ಒತ್ತುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ವಿ.ಸಿ.ಡಿ.ಯಲ್ಲಿರುವುದು ಎಂಪೆಗ್-1, ಫೈಲಿನ ಕೊನೆಗೆ 'ಡಿಎಟಿ' ಎಂದಿರುತ್ತದೆ. ಡಿ.ವಿ.ಡಿ.ಯಲ್ಲಿ ಎಂಪೆಗ್-2, ಕೊನೆಗೆ 'ವಿಒಬಿ'. ಇಂದಿನ ಯಾವುದೇ ಸ್ಮಾರ್ಟ್‌ಫೋನ್ ತಕರಾರಿಲ್ಲದೆ ಓಡಿಸುವುದು ಎಂಪಿ4 ಡಬ್ಬಿಯೊಳಗಿನ ಎಚ್.264 ಚಿತ್ರ ಮತ್ತು ಎಎಸಿ ಶಬ್ದ. ಇದೊಂದನ್ನು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ವಿಒಬಿ ಫೈಲಿನ ಹೆಸರು ಬದಲಿಸಿ ಎಂಪಿ4 ಎಂದು ಬರೆದುಕೊಡುವವರೂ ಇದ್ದಾರೆ. ಡಬ್ಬಿಯ ಚೀಟಿ ಬದಲಾದರೆ ಉಪ್ಪು ಸಕ್ಕರೆ ಆಗುವುದಿಲ್ಲವಲ್ಲ.

ಮೊದಲು ಇದ್ದ ಹಾಗೆ ನಕಲು, ಆಮೇಲೆ ಪರಿವರ್ತನೆ

ಮನೆಯಲ್ಲಿ ಅಥವಾ ಸ್ಟುಡಿಯೋದಲ್ಲಿ ಬರೆದ ಡಿಸ್ಕ್‌ಗಳ ಬಣ್ಣದ ಪದರ ವರ್ಷ ಹೋದ ಹಾಗೆ ಮಾಸುತ್ತದೆ. ನಮ್ಮ ಕರಾವಳಿಯ ಸೆಕೆ, ಮಳೆಗಾಲದ ಥಂಡಿ ಅದಕ್ಕೆ ಒಳ್ಳೆಯದಲ್ಲ. ಇವತ್ತು ಓದಿದ ಡಿಸ್ಕ್ ಮುಂದಿನ ವರ್ಷ ಓದಲಿಕ್ಕಿಲ್ಲ. ಆದ್ದರಿಂದ ಯು.ಎಸ್.ಬಿ.ಗೆ ಚುಚ್ಚುವ ಡಿಸ್ಕ್ ಡ್ರೈವ್ ಒಂದನ್ನು ಯಾರಲ್ಲಾದರೂ ಕೇಳಿ ತನ್ನಿ. ಡಿ.ವಿ.ಡಿ. ಆದರೆ 'ವಿಡಿಯೋ_ಟಿಎಸ್' ಎಂಬ ಇಡೀ ಫೋಲ್ಡರನ್ನು, ವಿ.ಸಿ.ಡಿ. ಆದರೆ 'ಎಂಪೆಗ್‌ಎವಿ' ಫೋಲ್ಡರನ್ನು ಕಂಪ್ಯೂಟರಿಗೆ ಕಾಪಿ ಮಾಡಿ. ಒಂದು ಸಾಮಾನ್ಯ ಡಿ.ವಿ.ಡಿ.ಯಲ್ಲಿ ಹಿಡಿಸುವುದು 4.7 ಜಿ.ಬಿ., ಅಂದರೆ ಒಂದು ಹಾರ್ಡ್‌ಡಿಸ್ಕಿನಲ್ಲಿ ಇಡೀ ಕಪಾಟು ಹಿಡಿಯುತ್ತದೆ. ಈ ಮೂಲ ನಕಲನ್ನು ಅಳಿಸಬೇಡಿ. ಪರಿವರ್ತನೆ ಕೆಟ್ಟರೆ ಹತ್ತು ಸಲ ಮಾಡಬಹುದು, ಮೂಲವೇ ಹೋದರೆ ಮುಗಿಯಿತು.

ಕಾಪಿ ಆಗುತ್ತಾ ನಡುವೆ ನಿಂತರೆ ಡಿಸ್ಕನ್ನು ತೊಳೆದು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಸುತ್ತ ತಿರುಗಿಸಿ ಒರೆಸಬಾರದು, ನಡುವಿನ ತೂತಿನಿಂದ ಹೊರಗೆ ನೇರವಾಗಿ ಒರೆಸಬೇಕು. ಹಾಗೂ ಆಗದಿದ್ದರೆ ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದರಲ್ಲಿ ಓದದ ಡಿಸ್ಕ್ ಇನ್ನೊಂದರಲ್ಲಿ ಓದುವುದು ಮಾಮೂಲು.

ಪರಿವರ್ತನೆಗೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಸಾಕು. ಇದನ್ನು ಅದರದೇ ಅಧಿಕೃತ ತಾಣದಿಂದ ಇಳಿಸಿಕೊಳ್ಳಿ. ಡಿ.ವಿ.ಡಿ.ಯ ವಿಡಿಯೋ 1 ಜಿ.ಬಿ. ತುಂಡುಗಳಾಗಿರುತ್ತದೆ. ಒಂದೊಂದು ತುಂಡನ್ನೇ ಕೊಟ್ಟರೆ ಪದ್ಯದ ನಡುವೆಯೇ ಕತ್ತರಿ ಬೀಳುತ್ತದೆ. ಬದಲಿಗೆ ಇಡೀ 'ವಿಡಿಯೋ_ಟಿಎಸ್' ಫೋಲ್ಡರನ್ನೇ ಕೊಡಿ, ಅದರಲ್ಲಿ ಅತಿ ಉದ್ದದ ಟೈಟಲ್ ಆರಿಸಿ. ಎಂಪಿ4, ಎಚ್.264, ಎಎಸಿ ಇರಲಿ. ಕ್ವಾಲಿಟಿ ಸಂಖ್ಯೆ 20ರ ಆಸುಪಾಸು. ಮೊದಲು 60 ಸೆಕೆಂಡ್ ಮಾತ್ರ ಪರಿವರ್ತಿಸಿ ಮೊಬೈಲಿಗೆ ಹಾಕಿ ನೋಡಿ. ರಾತ್ರಿಯಿಡೀ ಕಂಪ್ಯೂಟರ್ ಓಡಿಸಿ ಬೆಳಿಗ್ಗೆ ಶಬ್ದ ಇಲ್ಲ ಅಂತ ಗೊತ್ತಾಗುವುದಕ್ಕಿಂತ ಇದು ಲೇಸು. ಪರೀಕ್ಷೆಗೆ ಚೆಂಡೆ ಜೋರಾಗಿರುವ, ವೇಷ ಕುಣಿಯುವ ಭಾಗವನ್ನೇ ಆರಿಸಿ, ತಪ್ಪೆಲ್ಲ ಅಲ್ಲೇ ಕಾಣ್ತದೆ.

ಎಂತ ತೊಂದರೆಗೆ ಎಂತ ಕಾರಣ

ಚಿತ್ರ ಬರ್ತದೆ, ಶಬ್ದ ಇಲ್ಲ: ಅನೇಕ ಡಿ.ವಿ.ಡಿ.ಗಳ ಶಬ್ದ ಡಾಲ್ಬಿಯ ಎಸಿ-3 ರೂಪದಲ್ಲಿರುತ್ತದೆ. ಮೊಬೈಲಿನ ಜೊತೆ ಬರುವ ಹಲವು ಪ್ಲೇಯರ್‌ಗಳಿಗೆ ಅದು ಗೊತ್ತಿಲ್ಲ. ವಿಎಲ್‌ಸಿ ಹಾಕಿ ನೋಡಿ, ಅದರಲ್ಲಿ ಶಬ್ದ ಬಂದರೆ ಕಾರಣ ಅದೇ. ಪರಿವರ್ತಿಸುವಾಗ ಶಬ್ದವನ್ನು ಎಎಸಿ ಸ್ಟೀರಿಯೋ ಮಾಡಿದರೆ ಸರಿಯಾಗುತ್ತದೆ.

ವೇಷ ಮಂಡಿ ಹಾಕುವಾಗ ಮೈತುಂಬ ಬಾಚಣಿಗೆಯಂತೆ ಗೆರೆ: ಇದನ್ನು ಡಿಸ್ಕ್ ಸವೆದದ್ದು ಎಂದುಕೊಳ್ಳುವವರು ತುಂಬಾ. ನಿಜ ಏನೆಂದರೆ ಹಳೆಯ ಟಿ.ವಿ.ಗಾಗಿ ಕ್ಯಾಮೆರಾಗಳು ಒಂದು ಸೆಕೆಂಡಿಗೆ 50 ಅರ್ಧ ಚಿತ್ರಗಳನ್ನು ತೆಗೆಯುತ್ತಿದ್ದವು. ಒಮ್ಮೆ ಬೆಸ ಸಾಲುಗಳು, ಮರುಕ್ಷಣ ಸಮ ಸಾಲುಗಳು. ನಿಂತ ವೇಷಕ್ಕೆ ತೊಂದರೆ ಇಲ್ಲ. ತಿರುಗುವ ವೇಷ ಆ ಒಂದು ಕ್ಷಣದಲ್ಲಿ ಜಾಗ ಬದಲಿಸಿರುತ್ತದೆ, ಎರಡೂ ಅರ್ಧ ಒಟ್ಟಿಗೆ ಕಂಡಾಗ ಗೆರೆ ಏಳುತ್ತದೆ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ಸ್ ವಿಭಾಗದಲ್ಲಿ 'ಡೀಇಂಟರ್‌ಲೇಸ್' ಹಾಕಿದರೆ ಹೋಗುತ್ತದೆ. ಪರಿವರ್ತಿಸಿಕೊಡುವವರು ಇದನ್ನು ಬಿಟ್ಟರೆ ಗೆರೆ ಹೊಸ ಫೈಲಿನೊಳಗೇ ಅಂಟಿಕೊಳ್ಳುತ್ತದೆ, ಮತ್ತೆ ತೆಗೆಯುವುದು ಕಷ್ಟ. ಮೂಲ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ.

ಎಲ್ಲರೂ ದಪ್ಪ ಕಾಣ್ತಾರೆ: ನಮ್ಮಲ್ಲಿನ ಡಿ.ವಿ.ಡಿ. ಚಿತ್ರ 720x576. ಆದರೆ ತೋರಿಸಬೇಕಾದದ್ದು 4:3 ಅಳತೆಯಲ್ಲಿ. ಮೊಬೈಲಿನ ಉದ್ದ ಪರದೆ ತುಂಬಲಿ ಎಂದು 16:9ಕ್ಕೆ ಎಳೆದರೆ ಕಿರೀಟ ಅಡ್ಡಕ್ಕೆ ಹಿಗ್ಗುತ್ತದೆ, ಮದುಮಗಳ ಮುಖವೂ. ಎರಡು ಬದಿ ಕಪ್ಪು ಪಟ್ಟಿ ಬರಲಿ ಬಿಡಿ. ಹಾಗೆಯೇ 352x288ರ ವಿ.ಸಿ.ಡಿ.ಯನ್ನು 'ಫುಲ್ ಎಚ್.ಡಿ. ಮಾಡಿ ಕೊಡ್ತೇವೆ' ಎಂದರೆ ನಂಬಬೇಡಿ. ಇಲ್ಲದ ವಿವರ ಹುಟ್ಟುವುದಿಲ್ಲ, ಫೈಲ್ ಮಾತ್ರ ದಪ್ಪ ಆಗ್ತದೆ.

ಭಾಗವತರ ಬಾಯಿಗೂ ಪದ್ಯಕ್ಕೂ ತಾಳ ತಪ್ಪುತ್ತದೆ: ಫ್ರೇಮ್‌ರೇಟ್ 25 ಎಂದು ಇಟ್ಟು, ಅದರ ಪಕ್ಕದಲ್ಲಿ 'ಕಾನ್‌ಸ್ಟಂಟ್' ಆರಿಸಿ. ಹೆಚ್ಚಿನ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಆಗದಿದ್ದರೆ ಡಿಸ್ಕಿನಿಂದ ಕಾಪಿ ಮಾಡುವಾಗಲೇ ಎಲ್ಲೋ ತುಂಡು ಬಿಟ್ಟುಹೋಗಿರಬಹುದು.

ಕಾರ್ಡಿನಲ್ಲಿ ಜಾಗ ಇದ್ದೂ 'ಫೈಲ್ ದೊಡ್ಡದಾಯಿತು' ಅಂತದೆ: 32 ಜಿ.ಬಿ. ತನಕದ ಕಾರ್ಡುಗಳು ಸಾಮಾನ್ಯವಾಗಿ ಫ್ಯಾಟ್32 ವ್ಯವಸ್ಥೆಯಲ್ಲಿರುತ್ತವೆ. ಅದರಲ್ಲಿ ಒಂದೇ ಫೈಲ್ 4 ಜಿ.ಬಿ. ದಾಟುವಂತಿಲ್ಲ. ಇಡೀ ರಾತ್ರಿಯ 8 ಗಂಟೆ ಆಟವನ್ನು ಸೆಕೆಂಡಿಗೆ ಒಂದೂವರೆ ಮೆಗಾಬಿಟ್‌ನಂತೆ ಉಳಿಸಿದರೆ ಚಿತ್ರವೇ 5.4 ಜಿ.ಬಿ. ಆಗುತ್ತದೆ. ಪ್ರಸಂಗಕ್ಕೊಂದು ಫೈಲ್ ಮಾಡುವುದು ಸುಲಭದ ದಾರಿ, ಹುಡುಕಿ ನೋಡುವುದಕ್ಕೂ ಅನುಕೂಲ. ಕಾರ್ಡನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಲೂಬಹುದು, ಆದರೆ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಹಳೆ ಫೋನ್ ಆ ಕಾರ್ಡನ್ನು ಗುರುತಿಸದೆಯೂ ಇರಬಹುದು.

ಅಮ್ಮನ ಕೀಪ್ಯಾಡ್ ಮೊಬೈಲಿಗೆ

ಇದು ಬೇರೆಯೇ ಲೆಕ್ಕ. ಕೀಪ್ಯಾಡ್ ಫೋನಿನ ಪರದೆ ಹೆಚ್ಚೆಂದರೆ 240x320. ಎಚ್.264 ಹಲವಕ್ಕೆ ಭಾರ. ಹ್ಯಾಂಡ್‌ಬ್ರೇಕ್‌ನಲ್ಲಿ ಎನ್‌ಕೋಡರ್ 'ಎಂಪೆಗ್-4', ಅಗಲ 320, ಫ್ರೇಮ್‌ರೇಟ್ 15 ಇಟ್ಟು ಒಂದು ನಿಮಿಷ ಪರೀಕ್ಷಿಸಿ. ಕೆಲವು ಫೋನ್ 3ಜಿಪಿ ಮಾತ್ರ ಒಪ್ಪುತ್ತವೆ. ಹ್ಯಾಂಡ್‌ಬ್ರೇಕ್‌ನಲ್ಲಿ ಅದು ಆಗುವುದಿಲ್ಲ, ಎಫ್‌ಎಫ್‌ಎಂಪೆಗ್ ಬೇಕು, ಮನೆಯಲ್ಲಿ ಕಂಪ್ಯೂಟರ್ ಓದುತ್ತಿರುವ ಮಕ್ಕಳಿದ್ದರೆ ಅವರಿಗೆ ಹೇಳಿ. ಆಗ ಶಬ್ದಕ್ಕೆ 'ಎಎಂಆರ್' ಹಾಕದಂತೆ ನೋಡಿಕೊಳ್ಳಿ. ಅದು ಫೋನ್ ಮಾತಿಗೆಂದು ಮಾಡಿದ್ದು. ಅದರಲ್ಲಿ ಪದ್ಯ ದೂರದ ಟ್ರಂಕ್ ಕಾಲ್‌ನಂತೆ ಕೇಳುತ್ತದೆ, ಚೆಂಡೆ ಬರೀ ಗರಗರ. ಅಮ್ಮ ಕಣ್ಣಿಗಿಂತ ಕಿವಿಯಲ್ಲೇ ಆಟ ನೋಡುವವರಾದರೆ ಚಿತ್ರ ಸಣ್ಣದಾದರೂ ಅಡ್ಡಿಲ್ಲ, ಶಬ್ದ ಎಎಸಿ ಇರಲಿ.

ದುಬೈಯಲ್ಲಿರುವ ಮಗ ಐಫೋನಿನಲ್ಲಿ ತೆಗೆದು ಕಳಿಸಿದ ವಿಡಿಯೋ ಇಲ್ಲಿ ಓಡದಿದ್ದರೆ ಅದು ಎಚ್‌ಇವಿಸಿ ಎಂಬ ಹೊಸ ಕೋಡೆಕ್. ಅವನ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನ ಫಾರ್ಮ್ಯಾಟ್ಸ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಹಾಕಲು ಹೇಳಿ.

ಆನ್‌ಲೈನ್‌ನಲ್ಲಿ ಪುಕ್ಕಟೆ ಪರಿವರ್ತಿಸುವ ತಾಣಗಳಿಗೆ ಮನೆಯ ಮದುವೆ ವಿಡಿಯೋ ಹಾಕುವುದು ಬೇಡ. ನಮ್ಮ ನೆಟ್‌ವರ್ಕ್‌ನಲ್ಲಿ 4 ಜಿ.ಬಿ. ಮೇಲೇರಿಸುವುದು ದಿನದ ಕೆಲಸ. ಆ ಮೇಲೆ ಅದು ಯಾರ ಕೈಯಲ್ಲಿರುತ್ತದೆ ಎಂದು ಗೊತ್ತಾಗುವುದಿಲ್ಲ. ಅಂಗಡಿಗೆ ಕೊಡುವುದಾದರೆ ಮೂರು ಮಾತು ಮೊದಲೇ ಹೇಳಿ: ಮೂಲ ಫೋಲ್ಡರ್ ಕೂಡ ಕಾಪಿ ಮಾಡಿ ಕೊಡಬೇಕು, ಡೀಇಂಟರ್‌ಲೇಸ್ ಮಾಡಬೇಕು, 4:3 ಅಳತೆ ಬದಲಿಸಬಾರದು. ಮೇಳದವರೋ ಕ್ಯಾಸೆಟ್ ಕಂಪನಿಯವರೋ ಮಾರಿದ ಡಿಸ್ಕ್ ಆದರೆ ಅದರ ಹಕ್ಕು ಅವರದು. ಪರಿವರ್ತಿಸಿದ್ದನ್ನು ಯೂಟ್ಯೂಬಿಗೆ ಏರಿಸುವ ಮೊದಲು ಅವರನ್ನು ಕೇಳಬೇಕಾಗುತ್ತದೆ.