ಗೂಡಿನ ಮಾರುಕಟ್ಟೆಯಲ್ಲಿ ಒಂದು ನೋಟ್‌ಬುಕ್

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಕಾಲಿಟ್ಟರೆ ಮೊದಲು ಮೂಗಿಗೆ ಅಡರುವುದು ವಾಸನೆ. ಹುಳುಮನೆಯ ಘಾಟು, ಹಿಪ್ಪುನೇರಳೆ ಸೊಪ್ಪಿನ ಹಸಿ, ಗೋಣಿತಾಟಿನ ಧೂಳು ಎಲ್ಲ ಕಲೆತು ಒಂದಾದ ವಾಸನೆ. ಆಮೇಲೆ ಸದ್ದು. ಚೀಲ ಬಿಚ್ಚಿ ಗೂಡು ಸುರಿದಾಗ ತಗಡಿನ ಸೂರಿನ ಮೇಲೆ ಮಳೆಯ ಮೊದಲ ಹನಿಗಳು ಬಿದ್ದಂತೆ ಹಗುರವಾದ ಪಟಪಟ. ಒಂದು ಸಾಲಿನಲ್ಲಿ ಮಿಶ್ರತಳಿಯ ಹಳದಿ ಗೂಡು, ಇನ್ನೊಂದು ಸಾಲಿನಲ್ಲಿ ದ್ವಿತಳಿಯ ಬಿಳಿ ಗೂಡು. ರಾತ್ರಿಯೆಲ್ಲ ಗಾಡಿಯಲ್ಲಿ ಬಂದ ರೈತರು ತಮ್ಮ ತಮ್ಮ ಲಾಟಿನ ಪಕ್ಕ ಟವೆಲ್ ಹೊದ್ದು ಕೂತಿದ್ದಾರೆ. ಗೂಡಿನಿಂದ ನೂಲು ಬಿಚ್ಚುವ ರೀಲರ್ ಒಬ್ಬರು ಬಂದು ಒಂದು ಹಿಡಿ ಗೂಡು ಎತ್ತಿ, ಬೆರಳಲ್ಲಿ ಅದುಮಿ, ಒಂದನ್ನು ಕಿವಿಯ ಹತ್ತಿರ ಕುಲುಕಿ, ಮತ್ತೆ ಸುರಿದು, ಮಾತಿಲ್ಲದೆ ಮುಂದಕ್ಕೆ ಹೋದರು.

"ನೋಡಿದೆಯಾ?" ಅಂದೆ ಅಕ್ಕನ ಮಗಳಿಗೆ. ಅವಳು ನೋಟ್‌ಬುಕ್ ತಿರುವುತ್ತಿದ್ದಳು, ನೋಡಿರಲಿಲ್ಲ.

ಕನಕಪುರದಲ್ಲಿ ಬಿ.ಕಾಂ. ಮುಗಿಸಿರುವ ಹುಡುಗಿ. ನಾನು ಬೆಂಗಳೂರಿನಲ್ಲಿ ಮಾಡುವ ಬಿಸಿನೆಸ್ ಅನಲಿಸ್ಟ್ ಕೆಲಸವೇ ತನಗೂ ಬೇಕು ಎಂದು ಹೋದ ತಿಂಗಳು ಫೋನ್ ಮಾಡಿದ್ದಳು. "ಮಾವ, ಯಾವ ಕೋರ್ಸ್ ಸೇರಲಿ?" "ಕೋರ್ಸ್ ಆಮೇಲೆ. ಮೊದಲು ಗೂಡಿನ ಮಾರುಕಟ್ಟೆಗೆ ಹೋಗಿ ಬರೋಣ."

ಈ ಕೆಲಸವನ್ನು ಮನೆಯ ಹಿರಿಯರಿಗೆ ವಿವರಿಸುವುದು ಕಷ್ಟ. ಒಂದು ವ್ಯವಹಾರ ಹೇಗೆ ನಡೆಯುತ್ತಿದೆ, ಎಲ್ಲಿ ತೊಡಕಾಗಿದೆ, ಅದನ್ನು ನಡೆಸುವವರಿಗೂ ಅದನ್ನೇ ನಂಬಿ ಬದುಕುವವರಿಗೂ ನಿಜಕ್ಕೂ ಬೇಕಾದದ್ದೇನು ಎಂದು ತಿಳಿದುಕೊಂಡು, ಸಾಫ್ಟ್‌ವೇರ್ ಬರೆಯುವವರಿಗೆ ಅರ್ಥವಾಗುವಂತೆ ಬರೆದುಕೊಡುವುದು. ಇದಕ್ಕೊಂದು ಅಂತರರಾಷ್ಟ್ರೀಯ ಸಂಸ್ಥೆ 2003ರಲ್ಲಿ ಕೆನಡಾದಲ್ಲಿ ಹುಟ್ಟಿತು, ಅದರದೇ ಕೈಪಿಡಿ ಇದೆ, ಪರೀಕ್ಷೆಗಳಿವೆ. ಅವೆಲ್ಲ ಬೇಕು. ಆದರೆ ನೋಡುವ ಕಣ್ಣು, ಕೇಳುವ ಕಿವಿ ಬಲಿಯದೆ ಅವನ್ನು ಓದಿದರೆ ಪದಗಳಷ್ಟೇ ಉಳಿಯುತ್ತವೆ. ನನಗೆ ಅದು ತಡವಾಗಿ ಗೊತ್ತಾಯಿತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಗೋದಾಮಿನ ವಿಧಿವಿಧಾನವನ್ನೆಲ್ಲ ಆ ಗೋದಾಮಿಗೆ ಒಮ್ಮೆಯೂ ಹೋಗದೆ ಬರೆದೆ. ಮೂರು ತಿಂಗಳ ದುಡಿಮೆ ಕಸದಬುಟ್ಟಿ ಸೇರಿತು. ಲಾರಿಯಿಂದ ಮಾಲು ಇಳಿಸುವವರನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಹುಡುಗಿ ಬಸ್ಸಿನಲ್ಲೇ ಐದು ಚೌಕ ಬರೆದು ಬಾಣ ಎಳೆದಿದ್ದಳು: ಗೂಡು ಬಂತು, ಲಾಟು ನಂಬರ್, ಹರಾಜು, ತೂಕ, ಖಾತೆಗೆ ದುಡ್ಡು. ತಪ್ಪೇನಿಲ್ಲ. 1959ರ ರೇಷ್ಮೆ ಕಾಯ್ದೆಯ ಆಸರೆಯಲ್ಲಿ ಗೂಡಿನ ಕೊಡುಕೊಳ್ಳುವಿಕೆ ಸರ್ಕಾರಿ ಮಾರುಕಟ್ಟೆಯ ಸೂರಿನಡಿ ಬಂತು. ಕೂಗಿ ನಡೆಯುತ್ತಿದ್ದ ಹರಾಜು ಈಗ ರೀಲರುಗಳ ಮೊಬೈಲಿಗೆ ಇಳಿದಿದೆ, ತಕ್ಕಡಿ ಎಲೆಕ್ಟ್ರಾನಿಕ್ ಆಗಿದೆ. ಚೌಕಗಳು ಸರಿ. ಬಾಣಗಳಲ್ಲಿ ಏನಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಹಳದಿ ಗೂಡಿನ ಪಕ್ಕ ಕೂತಿದ್ದ ಹಿರಿಯರೊಬ್ಬರ ಬಳಿ ಹೋಗಿ, "ತಾತ, ನಿಮಗೆ ಎಂಥ ಆ್ಯಪ್ ಇದ್ದರೆ ಅನುಕೂಲ?" ಎಂದು ಕೇಳಿದಳು.

"ನಂಗೇನ್ ಗೊತ್ತವ್ವ ಅದೆಲ್ಲ? ರೇಟ್ ಸಿಕ್ರೆ ಸಾಕು," ಎಂದು ಅವರು ಬೀಡಿ ಹುಡುಕತೊಡಗಿದರು.

ಅವಳು ಪೆಚ್ಚಾಗಿ ನನ್ನ ಕಡೆ ತಿರುಗಿದಳು. "ಏನು ಬೇಕು ಅಂತ ಕೇಳಬೇಡ. ಹೋದ ಸಲ ಏನಾಯ್ತು ಅಂತ ಕೇಳು" ಅಂದೆ. ಮತ್ತೆ ಹೋದಳು, ಈ ಸಲ ನೆಲದ ಮೇಲೆ ಕೂತಳು. "ಹೋದ ಬೆಳೆ ಗೂಡು ತಂದ ದಿನ ಏನೇನಾಯ್ತು ತಾತ, ಮೊದಲಿಂದ ಹೇಳಿ."

ಅರ್ಧ ಗಂಟೆ ಮಾತು ಹರಿಯಿತು. ನೂರು ಮೊಟ್ಟೆ ಚಾಕಿ, ಅಂದರೆ ಎಳೆ ಹುಳು, ತಂದದ್ದು, ಹುಳು ಪೊರೆ ಬಿಡುವ ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಸಾಲದೆ ಪಕ್ಕದ ತೋಟದಲ್ಲಿ ಕೊಂಡದ್ದು, ಹುಳು ಹಣ್ಣಾಗುವ ಹೊತ್ತಿಗೆ ಮಳೆ ಹಿಡಿದದ್ದು, ಹುಳು ಗೂಡು ಕಟ್ಟುವ ಚಂದ್ರಿಕೆಯಲ್ಲಿ ಗೂಡು ತೇವ ಕುಡಿದದ್ದು, ಗಾಡಿ ಬಾಡಿಗೆಗೆ ಭಾವಮೈದನ ಹತ್ತಿರ ಕೈಸಾಲ ಮಾಡಿದ್ದು. ನಡುವೆ, ಬಲು ಸಹಜವಾಗಿ, ಒಂದು ಮಾತು: "ಒಳಗೆ ಜೀವ ಐತಲ್ಲವ್ವ, ಅದು ನಮ್ಗೆ ಕಾಯಕ್ಕಿಲ್ಲ."

ಅವಳ ಪೆನ್ನು ನಿಂತಿತು. ಗೂಡು ರಾಗಿಯಲ್ಲ, ಕಣಜಕ್ಕೆ ತುಂಬಿಟ್ಟು ಬೆಲೆ ಬಂದಾಗ ಮಾರಲು. ಬಿಡಿಸಿದ ಮೇಲೆ ಕೆಲವೇ ದಿನ. ತಡವಾದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ಎಳೆ ತುಂಡುತುಂಡಾಗುತ್ತದೆ, ಬಿಚ್ಚಲು ಬರುವುದಿಲ್ಲ. ಮಾರುವವನ ಕೈಗೆ ಗಡುವು ಕಟ್ಟಿದೆ, ಕೊಳ್ಳುವವನಿಗೆ ಅದು ಗೊತ್ತಿದೆ. ಮೊದಲ ಬಾಣದ ಕೆಳಗೆ ಅವಳು ಸಣ್ಣದಾಗಿ ಬರೆದಳು: ಜೀವ ಇದೆ.

ರೈತರ ಕಡೆ ಕೇಳಿದರೆ ಅರ್ಧ ಕೇಳಿದಂತೆ. ಟೀ ಅಂಗಡಿಯಲ್ಲಿ ಸಿಕ್ಕ ರೀಲರ್ ಒಬ್ಬರು ಲೋಟ ಕೆಳಗಿಟ್ಟು ವಿವರಿಸಿದರು: "ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕು, ಅದೇ ರೆಂಡಿಟ್ಟಾ. ನಮ್ಮ ಬದುಕೆಲ್ಲ ಅದರ ಮೇಲೇನಮ್ಮ." ಅಲ್ಲೇ ಲೆಕ್ಕ ಹಾಕಿದೆವು. ಗೂಡು ಕೆ.ಜಿ.ಗೆ 500 ರೂಪಾಯಿ ಎಂದುಕೊಂಡರೆ, ರೆಂಡಿಟ್ಟಾ 7 ಆದಾಗ ಒಂದು ಕೆ.ಜಿ. ನೂಲಿನಲ್ಲಿ ಗೂಡಿನ ಖರ್ಚೇ 3,500. ಎಂಟಾದರೆ 4,000. ಬೆಳಿಗ್ಗೆ ಗೂಡು ಅದುಮಿದ ಆ ಕೈ ಅಳೆಯುತ್ತಿದ್ದದ್ದು ಈ 500 ರೂಪಾಯಿಯನ್ನು. ಎಕ್ಸೆಲ್ ಕಲಿಯುವುದೆಂದರೆ ಇದೇ. ರೆಂಡಿಟ್ಟಾ ಒಂದು ಕಾಲಂ, ಗೂಡಿನ ದರ ಒಂದು ಸಾಲು, ಹಾಳೆಯ ಯಾವ ಮನೆಯಲ್ಲಿ ರೀಲರ್ ಉಳಿಯುತ್ತಾನೆ, ಯಾವ ಮನೆಯಲ್ಲಿ ಮುಳುಗುತ್ತಾನೆ. ಎಸ್‌ಕ್ಯೂಎಲ್ ಕೂಡ ಬೇಕು. ಸಾವಿರಾರು ಲಾಟುಗಳ ದಾಖಲೆಯಲ್ಲಿ ಮಳೆಗಾಲದ್ದನ್ನಷ್ಟೇ ಹೆಕ್ಕಿ ತೆಗೆಯಲು ಅದು ಬೇಕೇಬೇಕು. ಆದರೆ ಮಳೆಗಾಲವನ್ನು ಬೇರೆ ಮಾಡಿ ನೋಡಬೇಕು ಎಂದು ಹೊಳೆಯುವುದು ತಾತನ ಮಾತು ಕೇಳಿದವರಿಗೆ.

ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಬಿಡದಿ ದಾಟಿದಾಗೆಲ್ಲ ನನಗೆ ನೋಡಿ, ಕೇಳಿ ಕಲಿಯುವ ಈ ಪಾಠವೇ ನೆನಪು. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಕಂಪನಿಯ ಕಾರ್ಖಾನೆ ಅಲ್ಲಿದೆ. ಜಪಾನಿನಲ್ಲಿ ಟೊಯೋಟಾದ ತಾಯಿಚಿ ಓನೋ ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು, ಎಂಜಿನಿಯರನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸಿ ಸುಮ್ಮನೆ ನೋಡು ಎನ್ನುತ್ತಿದ್ದರು. ಒಂದು ತೊಂದರೆಗೆ ಐದು ಸಲ 'ಯಾಕೆ' ಎಂದು ಕೇಳುವುದೂ ಅವರ ಮನೆಯ ಪಾಠವೇ.

ಆ 'ಯಾಕೆ'ಯನ್ನು ಮಧ್ಯಾಹ್ನ ಚನ್ನಪಟ್ಟಣಕ್ಕೆ ಒಯ್ದೆವು. ಗಿರಗಿರ ತಿರುಗುವ ಹಾಲೆ ಮರದ ತುಂಡಿಗೆ ಕುಶಲಕರ್ಮಿ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಕೆಂಪು ಹರಡುತ್ತದೆ, ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಎಷ್ಟು ನೋಡಿದರೂ ಸಾಲದು. ಹಳೆ ಹೆದ್ದಾರಿಯ ಬೊಂಬೆ ಅಂಗಡಿಯೊಂದರಲ್ಲಿ ಮಾತ್ರ ಮೌನ. ವ್ಯಾಪಾರ ಯಾಕೆ ಕಡಿಮೆ? ಕಾರು ನಿಲ್ಲುವುದಿಲ್ಲ. ಯಾಕೆ? 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು, ಕಾರುಗಳು ಊರ ಹೊರಗೇ ಹೋಗುತ್ತವೆ. ಬೇಕಾದವರು ಊರೊಳಗೆ ಯಾಕೆ ಬರುವುದಿಲ್ಲ? ಅಂಗಡಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮತ್ರ ತಗೊಂಡೋರೆಲ್ಲ ದಾರೀಲಿ ಹೋಗೋರು. ಯಾರ ಹೆಸರು, ನಂಬರು ನಾವ್ ಬರ್ಕೊಂಡೇ ಇಲ್ಲ." ವೆಬ್‌ಸೈಟ್ ಮಾಡಿಕೊಡುತ್ತೇವೆ ಎಂದು ಬಂದವರು ಈ ಮೂರನೇ ಉತ್ತರಕ್ಕೆ ಕಾದಿರಲಾರರು.

ಮಾಗಡಿ ಕಡೆಯ ಗೆಳತಿಯ ಊರಿನ ಹಾಲಿನ ಡೇರಿಯಲ್ಲಿ ಹುಡುಗಿ ಮುಂದಿನ ವಾರ ಎರಡು ಸಂಜೆ ಕೂರುತ್ತಾಳಂತೆ. ಕೊಬ್ಬಿನಂಶ ಅಳೆದು ಚೀಟಿ ಬರುವವರೆಗಿನ ದಾರಿಯನ್ನು ಬರೆಯುವುದಕ್ಕೆ. ಅವಳಾಗಿಯೇ ಹೇಳಿದಳು, ನಾನು ಹೇಳಿಕೊಟ್ಟದ್ದಲ್ಲ.

ಸಂಜೆ ಮತ್ತೆ ರಾಮನಗರ. ಮಾರುಕಟ್ಟೆ ಖಾಲಿಯಾಗಿ, ಗುಡಿಸಿದ ನೆಲದ ಮೂಲೆಯಲ್ಲಿ ಹಳದಿ ಎಳೆಗಳ ಉಂಡೆ. ಬೆಳಗಿನ ತಾತ ಇನ್ನೂ ಅಲ್ಲೇ ಇದ್ದರು, ಚೀಲಗಳ ಜೊತೆ. ಹುಡುಗಿ ಪಕ್ಕದಲ್ಲಿ ಕೂತು, ತಾನು ಬರೆದದ್ದನ್ನು ಬೆರಳಿಟ್ಟು ಓದಿ ಹೇಳಿದಳು. ಗೂಡು ಬಂತು, ನಂಬರ್ ಸಿಕ್ಕಿತು, ಹರಾಜಾಯಿತು, ತೂಕಕ್ಕೆ ಹೋಯಿತು.

"ನಿಲ್ಲವ್ವ," ಅಂದರು ತಾತ. "ಎಲ್ಲ್ ತೂಕಕ್ ಹೋಯ್ತು? ಇವತ್ತು ಬಂದ ರೇಟ್ ನಾನ್ ಒಪ್ಪಲಿಲ್ಲ. ನಾಳೆ ಮತ್ತೆ ಹಾಕ್ತೀನಿ. ಅದೆಲ್ಲೈತೆ ನಿನ್ ಪುಸ್ತಕದಲ್ಲಿ?"

ಅವಳು ಹರಾಜಿನ ಚೌಕದಿಂದ ಹಿಂದಕ್ಕೆ ಒಂದು ಬಾಣ ಎಳೆದಳು. ಪೆನ್ನು ಎತ್ತಲಿಲ್ಲ. "ಎಷ್ಟು ದಿನ ತಡೀಬಹುದು ತಾತ?"

ತಾತ ಚೀಲಕ್ಕೆ ಕೈಹಾಕಿ ಒಂದು ಗೂಡು ತೆಗೆದು ಕಿವಿಯ ಹತ್ತಿರ ಕುಲುಕಿದರು. ಆಮೇಲೆ ಅವಳ ಕಿವಿಯ ಹತ್ತಿರ. "ಎರಡು ದಿನ," ಅಂದರು. ಅವಳು ಬಾಣದ ಪಕ್ಕ 2 ಎಂದು ಬರೆದುಕೊಂಡಳು.